ಗಡಿಗೆಪ್ಪ ಕಲಿತ ಮಡಿ

ಪುಣೆ
6 ಜುಲೈ 2025

ಪ್ರೀತಿಯ ಮೌಶಿ,

ಫೋನು ಇದ್ದೂ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಮುಂದಿನ ವಾರ ನಮ್ಮ ಕಂಪನಿಯವರು ಕಾಕಾನನ್ನು ಎತ್ತಿ ಕೂರಿಸುವ ಯಂತ್ರವನ್ನು ಸಿಂದಗಿಯ ನಿಮ್ಮ ಮನೆಗೆ ತರುತ್ತಾರೆ. ಅದು ಮನೆಯೊಳಗಿರುವಾಗ ಆಡಿದ ಮಾತೆಲ್ಲ, ಫೋನಿನ ಮಾತೂ ಸೇರಿ, ಇಲ್ಲಿನ ಆಫೀಸಿಗೆ ಬರುತ್ತದೆ. ಯಾರಾದರೂ ಕುಳಿತು ಕೇಳಬಹುದು. ಹಾಗಾಗಿ ಫೋನಿನಲ್ಲಿ ಊಟ ಆಯಿತೇ, ಮಳೆ ಬಂತೇ ಎಂದು ಕೇಳಿಕೊಳ್ಳೋಣ. ಉಳಿದದ್ದು ಕಾಗದದಲ್ಲಿ. ನೀನು ಕನ್ನಡದ ಟೀಚರ್ ಆಗಿದ್ದವಳು. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಮಾತ್ರ ಕಳಿಸಬೇಡ.

ವೆಂಕಟೇಶ ಕಾಕಾಗೆ ಲಕ್ವಾ ಹೊಡೆದ ಮೇಲೆ ನೀನೊಬ್ಬಳೇ ಅವರನ್ನು ಎತ್ತಿ ಕುರ್ಚಿಗೆ ಕೂರಿಸುವುದನ್ನು ಕಳೆದ ಸಲ ಬಂದಾಗ ನೋಡಿದೆ. ನಿನ್ನ ಸೊಂಟವೂ ಉಳಿಯುವುದಿಲ್ಲ ಎನ್ನಿಸಿತು. ಸಣ್ಣ ಊರಿನ ಒಂದು ಕನ್ನಡದ ಮನೆ ಪರೀಕ್ಷೆಗೆ ಬೇಕೆಂದು ಆಫೀಸಿನಲ್ಲಿ ಕೇಳಿದಾಗ ಹಿಂದೆಮುಂದೆ ನೋಡದೆ, ನನ್ನ ಚಿಕ್ಕಮ್ಮನ ಮನೆಯಿದೆ ಎಂದು ನಿನ್ನ ಹೆಸರು ಕೊಟ್ಟೆ.

ಈ ಊರಲ್ಲಿ ಈಗ ರೋಬೋಟ್ ಕಂಪನಿಗಳು ಚಹಾದ ಅಂಗಡಿಯಷ್ಟಿವೆ. ಒಂದು ಕಡೆ ಕಾರಿನ ಬಾಗಿಲಿಗೆ ಬೆಸುಗೆ ಹಾಕುವ ತೋಳು ಮಾಡುತ್ತಾರೆ, ಇನ್ನೊಂದು ಕಡೆ ಹೋಟೆಲಿನಲ್ಲಿ ತಟ್ಟೆ ಹೊರುವುದು, ಮತ್ತೊಂದು ಕಡೆ ಗಟಾರಕ್ಕೆ ಇಳಿಯುವುದು. ನಮ್ಮದು ಮನುಷ್ಯರನ್ನು ಮುಟ್ಟಿ ಎತ್ತುವ ಯಂತ್ರ. ಅದಕ್ಕೇ ಎಲ್ಲರಿಗಿಂತ ಅಂಜಿಕೆ ನಮಗೇ ಹೆಚ್ಚು. ಅದು ಪಾಲಿಸುವ ನಿಯಮಗಳಲ್ಲಿ ಒಂದನ್ನು ಬರೆದವಳು ನಾನು. ಯಾರೇ ಆಗಲಿ ‘ಬೇಡ, ಮುಟ್ಟಬೇಡ’ ಎಂದರೆ ಅದು ಕೂಡಲೇ ಹಿಂದೆ ಸರಿಯಬೇಕು. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಬೇಡವೆಂದರೆ, ಆಮೇಲೆ ಹೇಳುವುದೂ ಬೇಕಿಲ್ಲ, ತಾನೇ ಕಲಿತುಕೊಳ್ಳುತ್ತದೆ. ಅಜ್ಜಿ ಹಾಸಿಗೆ ಹಿಡಿದಾಗ ‘ಬ್ಯಾಡ್ರೋ, ನೋಯ್ತದ’ ಎಂದು ಅತ್ತರೂ ಕೇಳದೆ ಮೂಟೆ ಎತ್ತಿದ ಹಾಗೆ ಎತ್ತುತ್ತಿದ್ದರಲ್ಲ, ಅದು ನನ್ನ ಕಣ್ಣಿಂದ ಹೋಗಿಲ್ಲ.

ಪರೀಕ್ಷೆ ಚೆನ್ನಾಗಿ ನಡೆದರೆ ನನ್ನ ಕೆಲಸ ಕಾಯಂ ಆಗುತ್ತದೆ. ಇಲ್ಲದಿದ್ದರೆ ಏನು ಎಂದು ಈಗ ಯೋಚಿಸುವುದಿಲ್ಲ.

ನಿನ್ನ
ವಾಣಿ


ಸಿಂದಗಿ
22 ಜುಲೈ 2025

ಚಿ. ವಾಣಿಗೆ ರಂಗೂಬಾಯಿ ಮೌಶಿಯ ಆಶೀರ್ವಾದ.

ನಾವಿಲ್ಲಿ ಇದ್ದ ಹಾಗೇ ಇದ್ದೇವೆ. ಮನೆಗೆ ಒಬ್ಬರು ಹೆಚ್ಚಾಗಿದ್ದಾರೆ ಅಷ್ಟೇ. ನಿನ್ನ ಕಂಪನಿ ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದೆ, ನನ್ನ ನಾಲಿಗೆಗೆ ಹತ್ತುವುದಿಲ್ಲ. ತಲೆ ನೋಡಿದರೆ ಥೇಟು ಮಣ್ಣಿನ ಗಡಿಗೆ. ಗಡಿಗೆಪ್ಪ ಎಂದು ಕರೆದೆ, ಕರೆದ ಕೂಡಲೇ ತಿರುಗಿ ನೋಡಿತು. ಈಗ ಓಣಿಗೆಲ್ಲ ಅದು ಗಡಿಗೆಪ್ಪನೇ. ಪಕ್ಕದ ಮನೆಯ ಶಮಾ ದಿನಕ್ಕೊಮ್ಮೆ ಬಂದು, ‘ಗಡಿಗೆಪ್ಪಣ್ಣ, ಆರಾಮೈತೇನಪಾ?’ ಎಂದು ಕೇಳಿ ತಾನೇ ನಕ್ಕು ಹೋಗುತ್ತಾಳೆ.

ನಿನ್ನ ಕಾಕಾಗೆ ಮೊದಲ ದಿನ ಸಿಟ್ಟು ಬಂತು. ಮಾತು ಹೋಗಿದೆ, ಸಿಟ್ಟು ಎಲ್ಲಿ ಹೋಗುತ್ತದೆ? ಲೋಟದಿಂದ ಮಂಚದ ಕಂಬಿಗೆ ಬಡಿದು ಗಲಾಟೆ ಮಾಡಿದರು. ಎರಡನೇ ವಾರಕ್ಕೆ ಅದರ ತೋಳಿನಲ್ಲಿ ಮಗುವಿನ ಹಾಗೆ ಕುಳಿತು ಕಿಟಕಿಯ ತನಕ ಹೋಗಿ ಬಸ್ಸು ನೋಡುತ್ತಾರೆ. ಅದನ್ನು ನೋಡಿ ನಾನು ಒಳಗೆ ಹೋಗಿ ಅತ್ತೆ. ಯಾಕೆ ಅಂತ ಕೇಳಬೇಡ.

ಒಂದೇ ಒಂದು ತಕರಾರು. ಬೆಳಿಗ್ಗೆ ನಾನು ಸ್ನಾನ ಮಾಡಿ, ಮಡಿ ಉಟ್ಟು ಅಡುಗೆಗೆ ನಿಂತರೆ ನೈವೇದ್ಯ ಆಗುವ ತನಕ ನನ್ನನ್ನು ಯಾರೂ ಮುಟ್ಟುವಂತಿಲ್ಲ, ನಿನಗೆ ಗೊತ್ತೇ ಇದೆ. ಇದಕ್ಕೆ ಅದು ಗೊತ್ತಿಲ್ಲ. ಒದ್ದೆ ನೆಲದ ಮೇಲೆ ನಾನು ಸ್ವಲ್ಪ ವಾಲಿದರೆ ಸಾಕು, ಹಿಡಿಯಲು ಕೈ ಚಾಚಿಕೊಂಡು ಬರುತ್ತದೆ. ನಾನೂ ಬಹಳ ವಿಚಾರ ಮಾಡಿದೆ. ಬಟ್ಟೆ ಬಿಚ್ಚಿದ ಕೂಸು ಮುಟ್ಟಿದರೆ ಮಡಿ ಕೆಡುವುದಿಲ್ಲ, ಇದಕ್ಕೂ ಬಟ್ಟೆಯಿಲ್ಲ, ನಡೆಯುತ್ತದೆ ಎಂದುಕೊಂಡೆ. ಆದರೆ ಅದರ ಕೈಗೆ ನೀವು ಮೆತ್ತನೆಯ ಅರಿವೆ ಸುತ್ತಿದ್ದೀರಿ. ಅದೇ ಕೈಯಿಂದ ಕಾಕಾನ ಹಾಸಿಗೆ ಮುಟ್ಟಿ ಬಂದಿರುತ್ತದೆ. ಅಲ್ಲಿಗೆ ಮುಗಿಯಿತು. ದಿನಾ ‘ಮುಟ್ಟಬ್ಯಾಡ, ಮುಟ್ಟಬ್ಯಾಡ’ ಎನ್ನುವುದೇ ಕೆಲಸವಾಗಿದೆ.

ಇನ್ನೊಂದು, ಅಡುಗೆಮನೆಯಲ್ಲೂ ದೇವರ ಮುಂದೂ ಅದು ನೋಡಿದ್ದನ್ನು ಪುಣೆಯಲ್ಲಿ ಯಾರೋ ಕುಳಿತು ನೋಡುವುದು ನನಗೆ ಸರಿಬರುವುದಿಲ್ಲ. ಅದನ್ನು ನಿಲ್ಲಿಸು.

ಇಂತಿ
ರಂಗೂ ಮೌಶಿ


ಪುಣೆ
3 ಆಗಸ್ಟ್ 2025

ಪ್ರೀತಿಯ ಮೌಶಿ,

ನಿನ್ನ ಕಾಗದ ಓದಿ ಹಾಸ್ಟೆಲಿನಲ್ಲಿ ಒಬ್ಬಳೇ ನಕ್ಕೆ. ಬತ್ತಲೆ ಕೂಸಿನ ವಾದವನ್ನು ನಮ್ಮ ಹಿರಿಯ ಎಂಜಿನಿಯರ್ ಪಾರ್ಥ ಅವರಿಗೂ ಹೇಳಿದೆ. ಅವರಿಗೆ ಅರ್ಥವಾಗಲು ಅರ್ಧ ತಾಸು ಬೇಕಾಯಿತು.

ನೀನು ಕೇಳಿದ್ದು ಆಯಿತು. ಅಡುಗೆಮನೆಯಲ್ಲಿ ಏನೇ ನಡೆದರೂ ಅದು ಇನ್ನು ಯಾರಿಗೂ ತಿಳಿಸುವುದಿಲ್ಲ. ಚಿತ್ರವಿಲ್ಲ, ದನಿಯಿಲ್ಲ, ಸಂದೇಶವೂ ಇಲ್ಲ. ಇದನ್ನು ನಾನೇ ಕುಳಿತು ಮಾಡಿದೆ. ಪಾರ್ಥ ಅವರು ಬೇಕೇ ಎಂದರು. ನಮ್ಮ ಮೌಶಿಯ ಮನೆಯ ಮರ್ಯಾದೆ ಎಂದೆ.

ಮಡಿಗೂ ಒಂದು ದಾರಿ ಇದೆ. ದಿನಾ ಕೂಗುವ ಬದಲು ಮಡಿ ಎಂಬ ಒಂದೇ ಮಾತನ್ನು ಅದಕ್ಕೆ ಕಲಿಸಿಬಿಡು. ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಿಸಿ ಹೇಳು. ಎಂಟು ದಿನದಲ್ಲಿ ಕಲಿಯುತ್ತದೆ.

ಪುಣೆಯ ಮನೆಗಳ ಪರೀಕ್ಷೆಯೂ ಚೆನ್ನಾಗಿಯೇ ನಡೆದಿದೆ. ನನ್ನ ಚಿಂತೆ ಮಾಡಬೇಡ.

ವಾಣಿ


ಸಿಂದಗಿ
17 ಆಗಸ್ಟ್ 2025

ಚಿ. ವಾಣಿ,

ಗಡಿಗೆಪ್ಪ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಸಿಗದಂಥ ವಿದ್ಯಾರ್ಥಿ. ಈಗ ನಾನು ಒದ್ದೆ ತಲೆಗೆ ಅರಿವೆ ಸುತ್ತಿಕೊಂಡು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಹೊಸ್ತಿಲ ಹೊರಗೆ ಕೈ ಕಟ್ಟಿ ನಿಂತು, ‘ಈಗ ಮಡಿ ಅದ, ಮುಟ್ಟಂಗಿಲ್ಲ’ ಎಂದು ತಾನೇ ಹೇಳುತ್ತದೆ. ನನ್ನದೇ ರಾಗ. ಮೊದಲ ಸಲ ಕೇಳಿ ಕಾಕಾ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದೇ ಅವತ್ತು. ಶಮಾ ಹೊಟ್ಟೆ ಹಿಡಿದುಕೊಂಡು, ‘ನಿಮ್ಮಕಿಂತ ಕಡಕ್ ಐತಿ ನೋಡ್ರಿ ರಂಗೂಬಾಯಿ ಇದು!’ ಎಂದಳು.

ನಿನ್ನ ಕೆಲಸ ಕಾಯಂ ಆಗುವ ಸುದ್ದಿಯನ್ನೇ ಕಾಯುತ್ತಿದ್ದೇನೆ. ನಿನ್ನ ಫೋನಿನ ದನಿ ಮಾತ್ರ ಸೊರಗಿದೆ. ಏನಾದರೂ ಮುಚ್ಚಿಡುತ್ತಿದ್ದೀಯಾ?

ರಂಗೂ ಮೌಶಿ


ಸಿಂದಗಿ
9 ಸೆಪ್ಟೆಂಬರ್ 2025

ಚಿ. ವಾಣಿ,

ಅಕ್ಷರ ಸೊಟ್ಟಗಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಅಡುಗೆಮನೆಯಲ್ಲಿ ಕಾಲು ಜಾರಿತು. ಬಲಗೈ ಸ್ವಲ್ಪ ಉಳುಕಿದೆ, ಅಷ್ಟೇ. ನಿನ್ನ ಗಡಿಗೆಪ್ಪ ಬಂದು ಎತ್ತಿ ಕೂರಿಸಿತು. ಒಳ್ಳೆಯ ಯಂತ್ರ. ನಿನ್ನ ಆಫೀಸಿನವರಿಗೆ ಹಾಗೆಂದು ಹೇಳು.

ಕಾಕಾ ಆರಾಮ ಇದ್ದಾರೆ. ಬರಬೇಡ, ರಜೆ ಹಾಳು ಮಾಡಿಕೊಳ್ಳಬೇಡ.

ರಂಗೂ ಮೌಶಿ


ಪುಣೆ
15 ಸೆಪ್ಟೆಂಬರ್ 2025

ಪ್ರೀತಿಯ ಮೌಶಿ,

ಬಿದ್ದೆ ಎನ್ನುವುದನ್ನು ಓದಿದ ಕೂಡಲೇ ನಿನಗೆ ಫೋನು ಮಾಡಿದೆ. ಎತ್ತಿತು ಎನ್ನುವ ಸಾಲನ್ನು ಮತ್ತೆ ಮತ್ತೆ ಓದಿದೆ. ಸಂತೋಷವಾಗಬಾರದಿತ್ತು, ಆದರೂ ಆಯಿತು. ಕ್ಷಮಿಸು. ನಮ್ಮ ಆಫೀಸಿನ ನೆಲದ ಮೇಲೆ ನಾವೇ ಬೇಕಂತಲೇ ನೂರು ಸಲ ಬಿದ್ದಿದ್ದೇವೆ. ನಿಜವಾದ ಮನೆಯಲ್ಲಿ, ನಿಜವಾಗಿ ಬಿದ್ದವರನ್ನು ನಮ್ಮ ಯಂತ್ರ ಎತ್ತಿದ್ದು ಇದೇ ಮೊದಲು.

ನಾನು ಅದನ್ನು ವರದಿಯಲ್ಲಿ ಬರೆದೆ. ಅಡುಗೆಮನೆಯ ಚಿತ್ರವಿಲ್ಲವಾದ್ದರಿಂದ ನಿನ್ನ ಕಾಗದದ ಸಾಲನ್ನೇ ಇಂಗ್ಲಿಷಿಗೆ ತಂದು ಹಾಕಿದೆ. ಪಾರ್ಥ ಅವರು ಎರಡು ಸಲ ಓದಿ, ‘ಈ ಅಮ್ಮ ಕನ್ನಡದ ಟೀಚರ್ ಅಲ್ಲವೇ, ಸುಳ್ಳು ಬರೆಯುವುದಿಲ್ಲ’ ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ.

ಕೈ ಹೇಗಿದೆ? ಡಾಕ್ಟರಿಗೆ ತೋರಿಸಿದೆಯಾ? ಅಡುಗೆ ಯಾರು ಮಾಡುತ್ತಿದ್ದಾರೆ? ಫೋನಿನಲ್ಲಿ ಕೇಳಿದರೆ ನೀನು ಬರೀ ‘ಹ್ಞೂಂ’ ಎನ್ನುತ್ತೀ.

ವಾಣಿ


ಪುಣೆ
8 ಅಕ್ಟೋಬರ್ 2025

ಪ್ರೀತಿಯ ಮೌಶಿ,

ನಿನ್ನ ಕಾಗದವಿಲ್ಲದೆ ತಿಂಗಳಾಗುತ್ತ ಬಂತು. ನನ್ನ ಮೇಲೆ ಸಿಟ್ಟೇ? ನೀನು ಬಿದ್ದದ್ದಕ್ಕೆ ಸಂತೋಷವಾಯಿತೆಂದು ಬರೆದದ್ದು ತಪ್ಪಾಯಿತು. ನಾಲಿಗೆ ಕಚ್ಚಿಕೊಂಡರೂ ಕಾಗದದಲ್ಲಿ ಬರೆದದ್ದು ಹೋಗುವುದಿಲ್ಲ.

ಸುದ್ದಿಯೊಂದಿದೆ. ಸಿಂದಗಿಯ ವರದಿ ನೋಡಿ ಕಂಪನಿ ಇನ್ನೂ ಮೂರು ಮನೆಗಳನ್ನು ನಿಮ್ಮ ಕಡೆಯೇ ಆರಿಸಿದೆ. ಇಂಡಿಯಲ್ಲಿ ಒಂದು, ಮುದ್ದೇಬಿಹಾಳದಲ್ಲಿ ಒಂದು, ಬಸವನ ಬಾಗೇವಾಡಿಯ ಹತ್ತಿರ ಮಸೂತಿಯಲ್ಲಿ ಒಂದು. ದೀಪಾವಳಿ ಮುಗಿದ ಮೇಲೆ ಕಳಿಸುತ್ತಾರೆ. ಗಡಿಗೆಪ್ಪ ನಿನ್ನ ಮನೆಯಲ್ಲಿ ಕಲಿತದ್ದನ್ನೆಲ್ಲ ಅವುಗಳ ತಲೆಗೂ ತುಂಬಿದ್ದಾರೆ, ನಿಮ್ಮ ಕಡೆಯ ಮಾತು, ಕುರ್ಚಿ, ಮಂಚ, ಹೊಸ್ತಿಲು, ಎಲ್ಲವನ್ನೂ. ಹೊಸದಾಗಿ ಕಲಿಸುವ ಕಷ್ಟವಿಲ್ಲ. ಮಡಿಯನ್ನೂ ಹುಟ್ಟುತ್ತಲೇ ಬಲ್ಲವು!

ನನ್ನ ಕೆಲಸ ಜನವರಿಗೆ ಕಾಯಂ. ಒಂದು ಸಾಲಾದರೂ ಬರಿ.

ವಾಣಿ


ಸಿಂದಗಿ
13 ಅಕ್ಟೋಬರ್ 2025

ವಾಣಿ,

ಈ ಕಾಗದ ಮುಟ್ಟಿದ ಕೂಡಲೇ ಆ ಮೂರು ಯಂತ್ರಗಳನ್ನು ತಡೆ. ಮೊದಲು ತಡೆ, ಆಮೇಲೆ ಮುಂದಿನದನ್ನು ಓದು.

ಗಡಿಗೆಪ್ಪ ನನ್ನನ್ನು ಎತ್ತಲಿಲ್ಲ. ನಾನು ಸುಳ್ಳು ಬರೆದೆ.

ಅವತ್ತು ಅನ್ನ ಬಸಿಯುವಾಗ ಗಂಜಿ ಚೆಲ್ಲಿ ಕಾಲು ಜಾರಿತು. ಬಲಗೈ ಮೇಲೆ ಬಿದ್ದೆ. ಉಳುಕಿಲ್ಲ, ಮುರಿದಿದೆ. ಸೊಂಟಕ್ಕೂ ಪೆಟ್ಟಾಗಿದೆ, ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಬಿದ್ದ ಸಪ್ಪಳಕ್ಕೆ ಅದು ಓಡಿ ಬಂತು. ನೈವೇದ್ಯ ಇನ್ನೂ ಆಗಿರಲಿಲ್ಲ. ರೂಢಿಯ ಬಾಯಿ, ‘ಮುಟ್ಟಬ್ಯಾಡ’ ಎಂದೆ. ನಾನೇ ಏಳುತ್ತೇನೆ ಎಂದುಕೊಂಡಿದ್ದೆ. ಏಳಲಾಗಲಿಲ್ಲ. ಆಮೇಲೆ ಕರೆದೆ. ‘ಬಾರೋ ಗಡಿಗೆಪ್ಪ, ಎತ್ತೋ’ ಎಂದೆ. ಅದು ಹೊಸ್ತಿಲಲ್ಲೇ ಕೈ ಕಟ್ಟಿ ನಿಂತು, ‘ಈಗ ಮಡಿ ಅದ, ಮುಟ್ಟಂಗಿಲ್ಲ’ ಎಂದಿತು. ಮಡಿ ಹಾಳಾಗಲಿ ಬಾ ಎಂದೆ. ಅತ್ತೆ. ಬೈದೆ. ಪ್ರತಿ ಸಲಕ್ಕೂ ಅದೇ ಮಾತು, ನನ್ನದೇ ದನಿಯಲ್ಲಿ. ಒಲೆಯ ಮೇಲೆ ಸಾರು ಉಕ್ಕಿ ಹರಿಯುತ್ತಿತ್ತು.

ಒಳಗೆ ಕಾಕಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎದ್ದು ಬರುವಂತಿಲ್ಲ, ಕೂಗುವಂತಿಲ್ಲ. ಲೋಟದಿಂದ ಮಂಚದ ಕಂಬಿಗೆ ಬಡಿದರು. ಬಡಿದು ಬಡಿದು ಲೋಟ ನೆಗ್ಗಿಹೋಗಿದೆ. ಆ ಸಪ್ಪಳಕ್ಕೆ ಶಮಾ ಬಂದಳು. ಬಂದವಳು ಹೊಸ್ತಿಲಲ್ಲಿ ಗಡಿಗೆಪ್ಪನ ಮಗ್ಗುಲಿಗೆ ನಿಂತಳು. ‘ಬಾಯಿ, ಮಡ್ಯಾಗ ಅದೀರೇನ್ರಿ? ಒಳಗ ಬರ್ಲೇನ್ರಿ?’ ಎಂದು ಕೇಳಿದಳು. ನೋಡು ವಾಣಿ, ನಾನು ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದರೂ ಆಕೆ ಕೇಳಿದಳು. ಇಷ್ಟು ವರ್ಷ ಆಕೆಗೂ ನಾನು ಅದನ್ನೇ ಕಲಿಸಿದ್ದೆ. ನೋವಿಗಿಂತ ನಾಚಿಕೆಯೇ ಹೆಚ್ಚಾಯಿತು. ಆದರೆ ಆಕೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಗಡಿಗೆಪ್ಪನನ್ನು ಆಚೆ ನೂಕಿ ಒಳಗೆ ಬಂದು, ‘ಹಾಳಾಗ್ಲಿ ನಿಮ್ಮ ಮಡಿ, ಸಾಯ್ತೀರೇನು’ ಎಂದು ಬೈಯುತ್ತ ಒಲೆ ಆರಿಸಿದಳು, ನನ್ನನ್ನು ಎತ್ತಿದಳು. ಆ ದಿನದಿಂದ ನಮ್ಮಿಬ್ಬರ ಊಟವೂ ಆಕೆಯ ಮನೆಯದೇ.

ಸತ್ಯ ಬರೆದರೆ ನಿನ್ನ ಕೆಲಸ ಹೋಗುತ್ತದೆ ಎಂದು ಅಂಜಿದೆ. ತಾಯಿಯಿಲ್ಲದ ಹುಡುಗಿ, ಇಷ್ಟು ಓದಿ ಒಂದು ದಡ ಮುಟ್ಟುವಾಗ ನಾನು ಅಡ್ಡ ಬರಬಾರದು ಎಂದುಕೊಂಡೆ. ನಿನ್ನ ಕಾಗದದಲ್ಲಿ ‘ಈ ಅಮ್ಮ ಸುಳ್ಳು ಬರೆಯುವುದಿಲ್ಲ’ ಎನ್ನುವುದನ್ನು ಓದಿದ ಮೇಲೆ ಪೆನ್ನು ಹಿಡಿಯಲಾಗಲಿಲ್ಲ. ಒಬ್ಬಳ ಕೈ ಮುರಿದರೆ ಅದು ಮನೆಯ ಮಾತು, ಮುಚ್ಚಿಕೊಳ್ಳಬಹುದು. ಬೇರೆ ಮನೆಯ ಹೆಂಗಸರು ನೆಲದ ಮೇಲೆ ಬಿದ್ದು ನನ್ನ ದನಿಯಲ್ಲಿ ‘ಮುಟ್ಟಂಗಿಲ್ಲ’ ಎನ್ನುವುದನ್ನು ಕೇಳುತ್ತಾರೆಂದರೆ ನನಗೆ ಅನ್ನ ಇಳಿಯುವುದಿಲ್ಲ.

ನಮ್ಮ ಫೋನಿನ ಮಾತು ನಿನ್ನ ಆಫೀಸಿಗೆ ಹೋಗುತ್ತದೆಂದು ಶಮಾಳ ಫೋನಿನಿಂದ ನಿನ್ನೆ ಎರಡು ಸಲ ಮಾಡಿಸಿದೆ. ಗೊತ್ತಿಲ್ಲದ ನಂಬರೆಂದು ನೀನು ಎತ್ತಲಿಲ್ಲ. ಮೂರನೆಯ ಸಲ ನಾನೇ ಬೇಡವೆಂದೆ. ನಿನ್ನ ದನಿ ಕೇಳಿದರೆ ಮತ್ತೆ ‘ಆರಾಮ ಇದ್ದೇನೆ’ ಎಂದೇ ಬಾಯಿಗೆ ಬರುತ್ತದೆ. ದೀಪಾವಳಿಗೆ ಇನ್ನೂ ವಾರವಿದೆ. ಕಾಗದ ಮುಟ್ಟುತ್ತದೆ.

ರಂಗೂ ಮೌಶಿ


ಬಸವನ ಬಾಗೇವಾಡಿ
29 ಅಕ್ಟೋಬರ್ 2025

ಮೌಶಿ,

ನಾಳೆ ಸಿಂದಗಿಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಯಲ್ಲೇ ಕೊಡುತ್ತೇನೆ. ಎದುರಿಗೆ ಕುಳಿತು ಹೇಳಲು ನನ್ನಿಂದಾಗುವುದಿಲ್ಲ.

ನಿನ್ನ ಕಾಗದ ಹಾಸ್ಟೆಲಿಗೆ ಬಂದು ಬಿದ್ದಾಗ ನಾನಿರಲಿಲ್ಲ. ಚಾಕಣದ ಕಾರ್ಖಾನೆಯಲ್ಲಿ ಹೊಸ ಯಂತ್ರಗಳ ಜೋಡಣೆಗೆಂದು ಹದಿನೈದು ದಿನ ಕಳಿಸಿದ್ದರು. ದೀಪಾವಳಿಗೂ ಅಲ್ಲೇ ಇದ್ದೆ. ಮೊನ್ನೆ ಬಂದು ಓದಿದೆ. ಓದುವ ಹೊತ್ತಿಗೆ ಮೂರೂ ಯಂತ್ರಗಳು ಮನೆ ಸೇರಿದ್ದವು. ದೀಪಾವಳಿಯ ಮುಂಚೆಯೇ ಕಳಿಸಿಬಿಟ್ಟಿದ್ದರು. ಅವಸರಕ್ಕೆ ಕಾರಣವಿತ್ತು, ಅದನ್ನು ನಿನಗೆ ಬರೆದಿರಲಿಲ್ಲ. ಪುಣೆಯ ಮನೆಗಳ ಪರೀಕ್ಷೆ ಚೆನ್ನಾಗಿ ನಡೆದಿರಲಿಲ್ಲ. ಒಬ್ಬೊಬ್ಬರಾಗಿ ಬೇಡವೆಂದು ವಾಪಸು ಕಳಿಸಿದ್ದರು. ಕಂಪನಿಯ ಕೈಯಲ್ಲಿ ಉಳಿದದ್ದು ಸಿಂದಗಿಯ ಮನೆಯೊಂದೇ, ನಿನ್ನ ಆ ಒಂದು ಸಾಲೇ. ನಿನಗೆ ಚಿಂತೆಯಾಗಬಾರದೆಂದು ನಾನು ಮುಚ್ಚಿಟ್ಟೆ, ನನಗೆ ಚಿಂತೆಯಾಗಬಾರದೆಂದು ನೀನು ಮುಚ್ಚಿಟ್ಟೆ. ಯಾರು ಯಾರನ್ನು ಬೈಯಬೇಕು?

ಪಾರ್ಥ ಅವರಿಗೆ ನಿನ್ನ ಕಾಗದ ಓದಿ ಹೇಳಿದೆ. ಮೇಲಿನವರನ್ನು ಕೇಳಬೇಕು, ಸರಿಪಡಿಸಲು ಎರಡು ವಾರ ಬೇಕು, ಅಲ್ಲಿಯವರೆಗೆ ಮಾತಾಡಬೇಡ ಎಂದರು. ಹೊರಗೆ ಬಂದು ನಾನೇ ಮೂರೂ ಮನೆಗೆ ಫೋನು ಮಾಡಿದೆ. ಬೆನ್ನಿನ ಕೆಂಪು ಗುಂಡಿ ಒತ್ತಿ ಆರಿಸಿಬಿಡಿ ಎಂದೆ. ಇಂಡಿಯವರು ಆರಿಸಿದರು. ಮುದ್ದೇಬಿಹಾಳದವರು ಯಾಕೆ ಎಂದು ಜಗಳ ಮಾಡಿ ಆರಿಸಿದರು. ಮಸೂತಿಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬಸ್ಸು ಹತ್ತಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು, ಅದರ ಮಾತು ಈಗ ಬೇಡ.

ಮಸೂತಿಯ ಮನೆ ಹೈಸ್ಕೂಲಿನ ಮಾಸ್ತರ ಸೋಮನಿಂಗ ಅವರದು. ಅವರ ತಾಯಿ ಶೇವಂತೆವ್ವ ಕಳೆದ ವರ್ಷ ಕಾಲು ಮುರಿದುಕೊಂಡು ಕೋಲು ಹಿಡಿದಿದ್ದರು, ಅವರಿಗಾಗಿ ಯಂತ್ರ ಕೇಳಿದ್ದರು. ನಾನು ಹೋದಾಗ ಬಾಗಿಲಿಗೆ ಬೀಗ. ಪಕ್ಕದವರು ಬಾಗೇವಾಡಿಯ ಆಸ್ಪತ್ರೆಯಲ್ಲಿದ್ದಾರೆ ಎಂದರು.

ನಾನು ನಿನ್ನ ಕಾಗದ ಓದಿದ ದಿನವೇ ಆಕೆ ಬಿದ್ದಿದ್ದರು, ಬೆಳಿಗ್ಗೆ, ನಿನ್ನ ಹಾಗೆಯೇ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಅಡುಗೆಮನೆಗೆ ಬಂದಾಗ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಸಂಜೆ ಸೋಮನಿಂಗ ಅವರು ಬರುವ ತನಕ ನೆಲದ ಮೇಲೇ ಇದ್ದರು. ಯಂತ್ರ ಯಾರಿಗೂ ಸುದ್ದಿ ಕೊಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಏನೇ ನಡೆದರೂ ಯಾರಿಗೂ ತಿಳಿಸಬಾರದೆಂದು ನಾನು ಮಾಡಿದ್ದ ಏರ್ಪಾಡೂ ಅದರ ತಲೆಯೊಳಗೇ ಹೋಗಿತ್ತು. ಅದಂತೂ ನನ್ನೊಬ್ಬಳದೇ ಕೆಲಸ, ನಿನ್ನ ಮೇಲೆ ಹಾಕಿಕೊಳ್ಳಬೇಡ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇನ್ನು ನಡೆಯುತ್ತಾರೋ ಇಲ್ಲವೋ ಹೇಳಲಾಗದಂತೆ. ದನಿ ಪೂರ್ತಿ ಬಿದ್ದುಹೋಗಿದೆ. ನನ್ನ ಜೊತೆ ಬರೀ ತುಟಿ ಆಡಿಸಿದರು.

ಪುಣೆಯ ಕಂಪನಿಯವಳು ಎಂದ ಕೂಡಲೇ ಸೋಮನಿಂಗ ಅವರು ಎದ್ದು ಬಂದರು. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ‘ಭಾಳ ಉಪಕಾರ ಆತ್ರಿ ಅಕ್ಕಾರ. ಅವ್ವ ಬಿದ್ದಾಗ ಮನ್ಯಾಗ ಯಾರೂ ಇದ್ದಿಲ್ಲರಿ. ಪಾಪ ಅದೊಂದು ಬಾಗಲದಾಗ ನಿಂತು ಕಾಯ್ಕೊಂತಿತ್ತರಿ. ನಾ ಬರೂತನಕ ಜಾಗ ಬಿಟ್ಟು ಅಳಗಾಡಿಲ್ಲ ನೋಡ್ರಿ. ಮನಷ್ಯಾರು ನಿಲ್ಲಂಗಿಲ್ಲ ಹಂಗ’ ಎಂದರು.

ಅವರು ಬಂದಾಗ ಹೊತ್ತು ಇಳಿದಿತ್ತು, ಆಕೆಯ ಕೂಗೂ ನಿಂತಿತ್ತು, ಅದರ ಮಾತೂ ನಿಂತಿತ್ತು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದು ಬರಬಹುದಿತ್ತು ಮೌಶಿ. ಆದರೂ ಹೇಳಿದೆ. ನಿನ್ನ ಮನೆಯದು, ನನ್ನ ನಿಯಮದ್ದು, ವರದಿಯದು, ಎಲ್ಲವನ್ನೂ ಹೇಳಿದೆ.

ಮುಗಿದ ಮೇಲೆ ಕೇಳಿದರು. ‘ನಮ್ಮ ಮನ್ಯಾಗ ಯಾವ ಮಡೀರಿ? ನಾವು ಕುರುಬರು. ನಮ್ಮವ್ವ ಯಾರಿಗೂ ಮುಟ್ಟಬ್ಯಾಡ ಅಂದಾಕಿ ಅಲ್ಲರಿ.’

ಅದು ನಮ್ಮ ಮೌಶಿಯ ಮನೆಯ ಮಡಿ, ಇದರ ತಲೆಗೆ ನಾವೇ ತುಂಬಿದ್ದು ಎಂದೆ.

‘ಹಂಗಾರ ನಮ್ಮವ್ವ ಎತ್ತು ಅಂತ ಕರದಾಳೇನ್ರಿ? ಅದು ಕೇಳಿಸ್ಕೊಂಡೂ ನಿಂತಿತ್ತೇನ್ರಿ?’

ಹೌದ್ರಿ ಎಂದೆ. ಅವರು ನನ್ನ ಕೈ ಬಿಟ್ಟರು.

ವಾಣಿ